ಹತ್ತು ಗಂಟಿನ ಸೀಸೆ

ಗಾದಿಲಿಂಗಪ್ಪನವರು ಆರಡಿ ಎತ್ತರದ ಆಳು. ಆದರೆ ನನ್ನ ನೆನಪಿನಲ್ಲಿ ಅವರು ನಿಂತಿದ್ದಕ್ಕಿಂತ ಕುಕ್ಕರಗಾಲಿನಲ್ಲಿ ಕೂತದ್ದೇ ಹೆಚ್ಚು. ಔಷಧಿ ಅಳೆಯುವ ಗಾಜಿನ ಲೋಟವನ್ನು ಮೇಜಿನ ಮೇಲಿಟ್ಟು, ಅದರ ಮುಂದೆ ಮಂಡಿ ಮಡಿಸಿ, ಗೆರೆಯ ಮಟ್ಟಕ್ಕೆ ಕಣ್ಣು ಬರುವ ತನಕ ಕೆಳಗಿಳಿದು, ಎಡಗಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ನೋಡುತ್ತಿದ್ದರು. ದಿನಕ್ಕೆ ಎಪ್ಪತ್ತು ಎಂಬತ್ತು ಸಲ ಈ ಕಸರತ್ತು. ಔಷಧಿಗೆ ಬಂದ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದರು. ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ. ಅಷ್ಟು ಬಗ್ಗುವ ಬದಲು ಲೋಟವನ್ನೇ ಕಣ್ಣಿನ ಹತ್ತಿರಕ್ಕೆ ಎತ್ತಿಕೊಂಡರೆ ಆಗದೇ ಎಂದು ಮೊದಲ ದಿನವೇ ಕೇಳಿಬಿಟ್ಟೆ.

"ಎತ್ತಿದ್ರ ಕೈ ನಡುಗ್ತೈತಿ, ನೀರು ವಾಲ್ತೈತಿ. ಮೇಜು ನಡುಗಂಗಿಲ್ಲ ನೋಡ್ರಿ. ಬಗ್ಗಾಕ ನನಗ ಬರತೈತಿ, ಅದಕ್ಕ ಬಗ್ಗತೀನಿ" ಅಂದರು. ಹೇಳಿದವರೇ ಮತ್ತೆ ಮಂಡಿ ಮಡಿಸಿದರು.

ನಾನು ಬಳ್ಳಾರಿಯ ಕೌಲ್ ಬಜಾರಿನವಳು, ಹೆಸರು ಸುಶೀಲ. ಹದಿನಾರಕ್ಕೇ ಗಂಡನನ್ನು ಕಳೆದುಕೊಂಡೆ. ಮೂಲೆ ಹಿಡಿದು ಕೂರುವುದು ನನ್ನ ಜಾಯಮಾನವಲ್ಲ, ನಮ್ಮಪ್ಪನೂ ಹಟಮಾರಿ. ಓಣಿಯವರು ಏನಾದರೂ ಅಂದುಕೊಳ್ಳಲಿ ಎಂದು ನರ್ಸಿಂಗು, ಹೆರಿಗೆಯ ಕೆಲಸ ಎರಡನ್ನೂ ಕಲಿಸಿದ. ದೊಡ್ಡ ಯುದ್ಧ ಮುಗಿಯುತ್ತಾ ಬಂದ ಕಾಲಕ್ಕೆ ಸಿರುಗುಪ್ಪದಲ್ಲಿ ಹತ್ತಿ ವ್ಯಾಪಾರಿಯೊಬ್ಬರು ಧರ್ಮಕ್ಕೆ ಕಟ್ಟಿಸಿದ್ದ ಸಣ್ಣ ದವಾಖಾನೆಯಲ್ಲಿ ಕೆಲಸ ಸಿಕ್ಕಿತು. ಡಾಕ್ಟರು ಬಳ್ಳಾರಿಯಿಂದ ವಾರಕ್ಕೆ ಎರಡು ಸಲ ಬರುತ್ತಿದ್ದರು. ಉಳಿದ ದಿನ ಗಾದಿಲಿಂಗಪ್ಪನವರು ಕಂಪೌಂಡರು, ನಾನು ನರ್ಸು, ಕಸ ಗುಡಿಸುವ ಹುಲಿಗೆಮ್ಮ ನಮ್ಮಿಬ್ಬರ ಮೇಲಿನ ಅಧಿಕಾರಿ.

ನನ್ನ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೆ. ಅಕ್ಷರ ಚೆನ್ನಾಗಿದ್ದವು, ಕೈ ಚುರುಕಾಗಿತ್ತು. ಲೆಕ್ಕ ಮಾತ್ರ ನನಗೂ ಅದಕ್ಕೂ ಎಣ್ಣೆ ಸೀಗೆಕಾಯಿ. ಔಷಧಿ ಬೆರೆಸುವ ಲೆಕ್ಕಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ ಪಾಸಾದವಳು ನಾನು. ಈ ಗುಟ್ಟು ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ. ಗಾದಿಲಿಂಗಪ್ಪನವರಿಗೆ ಅದು ಒಂದೇ ವಾರದಲ್ಲಿ ಗೊತ್ತಾಯಿತು.

ನೆಲ, ಪಾತ್ರೆ ತೊಳೆಯಲು ಕಾರ್ಬಾಲಿಕ್ ನೀರು ಬೇಕಿತ್ತು. ಇಪ್ಪತ್ತರಲ್ಲಿ ಒಂದು ಪಾಲು ಬರುವಂತೆ ಮಾಡಿ ಅಂದರು. ಒಂದು ಅಳತೆ ಕಾರ್ಬಾಲಿಕ್ಕಿಗೆ ಇಪ್ಪತ್ತು ಅಳತೆ ನೀರು ಎಣಿಸಿ ಸುರಿದೆ. ಅವರು ಅತ್ತ ಮುಖ ಮಾಡಿಕೊಂಡು ಮಾತ್ರೆ ಉರುಳಿಸುತ್ತಿದ್ದರೂ ಕಿವಿ ಇತ್ತ ಇತ್ತು.

"ಏನಮ್ಮಾ, ಪಂಕ್ತಿಯಾಗ ಎಷ್ಟು ಎಲಿ ಹಾಕಿದ್ರಿ?"

"ಎಲಿ ಯಾವುದ್ರಿ? ಒಂದು ಔಷಧಿ, ಇಪ್ಪತ್ತು ನೀರು ಹಾಕೀನಿ."

"ನಾನು ಹೇಳಿದ್ದು ಇಪ್ಪತ್ತು ಎಲಿ. ಒಂದರ ಮುಂದ ಔಷಧಿ ಕುಂತಾತಿ. ಉಳದದ್ದು ಹತ್ತೊಂಬತ್ತು. ನೀವು ಇಪ್ಪತ್ತು ಮಂದಿ ನೀರನ್ನ ಕರದೀರಿ. ಒಬ್ಬಾತ ಎಲಿ ಇಲ್ಲದ ನಿಂತಾನ ನೋಡ್ರಿ, ಪಾಪ."

ಹುಲಿಗೆಮ್ಮ ಕಿಸಕ್ಕನೆ ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತಾದರೇನು, ಇಪ್ಪತ್ತೊಂದಾದರೇನು, ನೆಲ ತೊಳೆಯುವ ನೀರಿಗೆ ಇಷ್ಟೊಂದು ಮಡಿಯೇ ಎಂದು ವಾದಕ್ಕೆ ನಿಂತೆ. ಅವರಿಗೆ ಸಿಟ್ಟು ಬರಲಿಲ್ಲ.

"ಈ ನೀರಿಗೆ ಏನೂ ಆಗಂಗಿಲ್ಲ, ಖರೆ. ನಾಳಿ ಎರಡರಾಗ ಒಂದು ಮಾಡ್ರಿ ಅಂತೀನಿ. ಹಿಂಗೇ ಮಾಡಿದ್ರ ಮೂರರಾಗ ಒಂದಾತು. ಅರ್ಧ ಇರಬೇಕಾದ್ದು ಮೂರನೇ ಪಾಲಿಗೆ ಬಂತು. ತಪ್ಪು ಸಣ್ಣದಿದ್ದಾಗ ನಾವು ಅದನ್ನ ಹಿಡೀಬೇಕು ತಂಗಿ, ದೊಡ್ಡದಾದ್ರ ಅದು ನಮ್ಮನ್ನ ಹಿಡೀತೈತಿ."

ಅಂದಿನಿಂದ ಮಧ್ಯಾಹ್ನ ರೋಗಿಗಳು ಕಡಿಮೆಯಾದ ಮೇಲೆ ಅವರು ನನಗೆ ಪಾಠ ಶುರು ಮಾಡಿದರು. ಪುಸ್ತಕದ ಸುದ್ದಿಯೇ ಇಲ್ಲ. ಎಲ್ಲವೂ ಮಜ್ಜಿಗೆ, ಪಾನಕ, ಬೀಗರು. "ಮನ್ಯಾಗ ಒಂದು ಚೆಂಬು ಮಜ್ಜಿಗಿ ಐತಿ. ಬೀಗರು ಬಂದುಬಿಟ್ರು. ಮರ್ಯಾದಿ ಹೋಗಬಾರದು ಅಂತ ನಾಕು ಚೆಂಬು ನೀರು ಸುರದ್ರಿ. ಐದು ಚೆಂಬು ಮಜ್ಜಿಗಿ ಆತು. ಮೊಸರು ಎಷ್ಟಾತು?"

"ಎಷ್ಟಿತ್ತೋ ಅಷ್ಟೇ."

"ಅಷ್ಟೇ ನೋಡ್ರಿ ಎಲ್ಲಾ. ನೀರು ಎಷ್ಟರ ಬರಲಿ, ಎಷ್ಟರ ಹೋಗಲಿ, ಒಳಗಿನ ಮೊಸರು ಎಷ್ಟೈತಿ ಅನ್ನೋದನ್ನ ಕೈಬಿಡಬ್ಯಾಡ್ರಿ. ಅದನ್ನ ಹಿಡಕೊಂಡ್ರ ನೀರಿನ ಲೆಕ್ಕ ತಾನೇ ಬರತೈತಿ."

ಎರಡು ವರ್ಷ ಬಳ್ಳಾರಿಯಲ್ಲಿ ತಲೆಗೆ ಹೋಗದ್ದು ಸಿರುಗುಪ್ಪದ ಮಜ್ಜಿಗೆಯಲ್ಲಿ ಒಂದು ವಾರಕ್ಕೆ ಹೋಯಿತು. ಆದರೂ ನಾನು ಒಪ್ಪಿಕೊಳ್ಳಲಿಲ್ಲ. ನನ್ನ ಮೂಗು ಆಗ ಸ್ವಲ್ಪ ಮೇಲೇ ಇತ್ತು.

ರೋಗಿಗಳಿಗೂ ಅವರು ಇದನ್ನೇ ಹೇಳುತ್ತಿದ್ದರು. ದವಾಖಾನೆಯ ಔಷಧಿ ಎಂದರೆ ಬರೀ ನೀರು ಎಂಬ ಮಾತು ಊರಲ್ಲಿತ್ತು. ತೆಲುಗಿನವರು 'ನೀಳ್ಳ ಮಂದು' ಎಂದು ಆಡಿಕೊಂಡರೆ ನಮ್ಮವರು 'ನೀರೌಷಧಿ' ಎನ್ನುತ್ತಿದ್ದರು. ಒಮ್ಮೆ ಗಾದಿಲಿಂಗಪ್ಪನವರ ಊರು ಬಾದನಹಟ್ಟಿಯಿಂದ ಅವರ ಸ್ವಂತ ಸೋದರಮಾವನೇ ಚಳಿಜ್ವರಕ್ಕೆ ಔಷಧಿ ಒಯ್ದ. ಸೀಸೆಯ ಪಕ್ಕಕ್ಕೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದ ಅಂಟಿಸಿ, ಒಂದು ಹಲ್ಲಿಗೆ ಒಂದು ಸಲ ಎಂದು ತಿಳಿಸಿ ಕಳಿಸಿದ್ದರು. ಮೂರು ದಿನದ್ದನ್ನು ಒಂದೇ ಗುಟುಕಿಗೆ ಕುಡಿದರೆ ಮೂರು ದಿನ ಮೊದಲೇ ಆರಾಮಾಗುತ್ತದೆ ಎಂದು ಆ ಮಾವ ಹೊಲದ ಬದುವಿನಲ್ಲೇ ಸೀಸೆ ಖಾಲಿ ಮಾಡಿದ. ಕ್ವಿನೈನು ತಲೆಗೇರಿ ಎರಡು ದಿನ ಅವನ ಕಿವಿಯಲ್ಲಿ ಗಂಟೆ ಬಾರಿಸಿತು. ಗಾದಿಲಿಂಗಪ್ಪನವರು ಅವನ ಮಗ್ಗುಲಲ್ಲಿ ಕೂತು, ಕೇಳದ ಕಿವಿಗೆ ಜೋರಾಗಿ ಮಜ್ಜಿಗೆಯ ಪಾಠ ಹೇಳುತ್ತಿದ್ದರಂತೆ.

ಇನ್ನೊಂದು ಪೇಚು ನೀರಿನದು. ನಮ್ಮ ಕರಿನೆಲದ ಬಾವಿಗಳ ನೀರು ಸವಳು, ನಾಲಿಗೆಗೆ ಉಪ್ಪುಪ್ಪು. ಕೆಲವು ಔಷಧಿಗಳನ್ನು ಆ ನೀರಿಗೆ ಹಾಕಿದರೆ ಮಬ್ಬು ಕಟ್ಟಿ, ತಳಕ್ಕೆ ಕೂತು, ಔಷಧಿಯೇ ಹಾಳಾಗುತ್ತಿತ್ತು. ಅದಕ್ಕೆಂದು ಹಿತ್ತಲಲ್ಲಿ ತಾಮ್ರದ ಹಂಡೆ, ಕೊಳವೆ ಹೂಡಿ ನೀರನ್ನು ಭಟ್ಟಿ ಇಳಿಸುತ್ತಿದ್ದರು. ಸಾರಾಯಿ ನಿಷೇಧ ಬಂದ ಹೊಸತರಲ್ಲಿ ಒಬ್ಬ ಪೊಲೀಸಪ್ಪ ಗೋಡೆ ಹಾರಿ ಬಂದು ಹಂಡೆ ಹಿಡಿದುಕೊಂಡು ನಿಂತ. ಗಾದಿಲಿಂಗಪ್ಪನವರು ಒಂದು ಲೋಟ ಬಗ್ಗಿಸಿ ಕೊಟ್ಟರು. ಅವನು ಕುಡಿದು ಮುಖ ಹುಳ್ಳಗೆ ಮಾಡಿಕೊಂಡ. ಇಷ್ಟು ರುಚಿಗೆಟ್ಟ ನೀರನ್ನು ಜನ್ಮದಲ್ಲಿ ಕುಡಿದಿಲ್ಲ ಎಂದ. "ಏನೂ ಇಲ್ಲದ ನೀರು ಹಂಗೇ ಇರತೈತಿ ಬರ್ರಿ" ಎಂದು ಅವನ ಬೆನ್ನು ತಟ್ಟಿ ಬಾಗಿಲಿನಿಂದ ಕಳಿಸಿದರು.

ಈಗ ಗಂಟಿನ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳಲಿಕ್ಕೇ ಇಷ್ಟು ಬರೆದದ್ದು, ಆದರೂ ಕೈ ಹಿಂದೆಗೆಯುತ್ತಿದೆ.

ಹುಟ್ಟಿದ ಪ್ರತಿ ಕೂಸಿನ ಕಣ್ಣಿಗೂ ಆಗ ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣದ ನೀರನ್ನು ಒಂದೊಂದು ಹನಿ ಹಾಕುತ್ತಿದ್ದೆವು. ಹೆರಿಗೆಯ ಹೊತ್ತಿಗೆ ತಾಯಿಯಿಂದ ತಗಲುವ ನಂಜಿನಿಂದ ಎಷ್ಟೋ ಕೂಸುಗಳು ಕಣ್ಣು ಕಳೆದುಕೊಳ್ಳುತ್ತಿದ್ದವು, ಅದನ್ನು ತಡೆಯಲಿಕ್ಕೆ. ನೂರರಲ್ಲಿ ಒಂದು ಪಾಲು ಇದ್ದರೆ ಅದು ಕಣ್ಣು ಕಾಯುತ್ತದೆ. ನೂರರಲ್ಲಿ ಹತ್ತು ಪಾಲಾದರೆ ಅದೇ ಕಣ್ಣು ಸುಡುತ್ತದೆ. ನಮ್ಮ ಹಳೆಯ ತಕ್ಕಡಿಯಲ್ಲಿ ಚಿಟಿಕೆಯಷ್ಟನ್ನು ತೂಗಿದರೆ ತಪ್ಪುವ ಸಂಭವ ಹೆಚ್ಚು ಎಂದು ಗಾದಿಲಿಂಗಪ್ಪನವರು ಜಾಸ್ತಿ ತೂಗಿ, ಹತ್ತು ಪಾಲಿನ ಗಟ್ಟಿ ನೀರು ಮಾಡಿ ಒಂದು ಕಂದು ಸೀಸೆಯಲ್ಲಿ ಇಡುತ್ತಿದ್ದರು. ಬೇಕಾದಾಗ ಅದರಿಂದ ಒಂದು ಅಳತೆ ತೆಗೆದು, ಭಟ್ಟಿಯ ನೀರು ಬೆರೆಸಿ ಹತ್ತು ಅಳತೆಗೆ ಇಳಿಸಿ ಇನ್ನೊಂದು ಕಂದು ಸೀಸೆಗೆ ತುಂಬುತ್ತಿದ್ದರು. ಈ ಕೆಲಸದಿಂದ ಅವರ ಬೆರಳ ತುದಿಗಳು ಯಾವಾಗಲೂ ಕಪ್ಪಗಿದ್ದವು.

ಗಟ್ಟಿ ಔಷಧಿಯ ಸೀಸೆಗಳ ಕುತ್ತಿಗೆಗೆಲ್ಲ ಅವರು ಹತ್ತಿಯ ನೂಲು ಕಟ್ಟುತ್ತಿದ್ದರು. ಎಷ್ಟು ಪಟ್ಟು ಇಳಿಸಬೇಕೋ ಅಷ್ಟು ಗಂಟು. ಐದು ಪಟ್ಟಿನದಕ್ಕೆ ಐದು, ಹತ್ತು ಪಟ್ಟಿನದಕ್ಕೆ ಹತ್ತು. ಓದಲು ಬಾರದ ಹುಲಿಗೆಮ್ಮನೂ ಬೆರಳು ಆಡಿಸಿದರೆ ಸಾಕು, ಗಂಟು ಸಿಕ್ಕ ಕೂಡಲೇ ಕೈ ಹಿಂದೆ ತೆಗೆಯುತ್ತಿದ್ದಳು. ವರ್ಷಗಳ ಜಿಡ್ಡು ಹತ್ತಿ ಆ ನೂಲುಗಳು ಕರ್ರಗಾಗಿದ್ದವು. ಸರ್ಟಿಫಿಕೇಟು ಇದ್ದ ನನ್ನ ಕಣ್ಣಿಗೆ ಅವು ಹೊಲಸು.

ಜಿಲ್ಲೆಯ ದೊಡ್ಡ ಸಾಹೇಬರೊಬ್ಬರು ದವಾಖಾನೆ ನೋಡಲು ಬರುತ್ತಾರೆ ಎಂದು ಸುದ್ದಿ ಬಂತು. ಗಾದಿಲಿಂಗಪ್ಪನವರು ಊರಿಗೆ ಹೋಗಿದ್ದ ದಿನ ನಾನು ಸೆರಗು ಕಟ್ಟಿ ನಿಂತೆ. ಅಲಮಾರು ಒರೆಸಿ, ಸೀಸೆಗಳನ್ನು ತೊಳೆದು, ನೂಲುಗಳನ್ನೆಲ್ಲ ಕತ್ತರಿಸಿ ಒಲೆಗೆ ಹಾಕಿದೆ. ಹೊಸ ಚೀಟಿ ಅಂಟಿಸಿ, ಒಂದೊಂದರ ಮೇಲೂ ಔಷಧಿಯ ಹೆಸರನ್ನು ದುಂಡಗೆ ಬರೆದೆ. ಹೆಸರು ಮಾತ್ರ ಬರೆದೆ, ಎಷ್ಟು ಪಾಲಿನದು ಎಂದು ಬರೆಯಲಿಲ್ಲ. ಬೆಳ್ಳಿಯ ನೀರಿನ ಎರಡು ಸೀಸೆಗಳು ಅಕ್ಕತಂಗಿಯರಂತೆ ಪಕ್ಕಪಕ್ಕದಲ್ಲಿ ಕೂತವು.

ಸಂಜೆ ಬಂದ ಗಾದಿಲಿಂಗಪ್ಪನವರು ಅಲಮಾರನ್ನು ಬಹಳ ಹೊತ್ತು ನೋಡಿದರು. "ಅಕ್ಷರ ಮುತ್ತಿನಂಗ ಅದಾವು" ಅಂದರು. ಇನ್ನೇನೋ ಹೇಳಲು ಬಾಯಿ ತೆರೆದು, ನನ್ನ ಮುಖದ ಹಿಗ್ಗು ನೋಡಿ ಸುಮ್ಮನಾದರು. ಸಾಹೇಬರು ಬಂದುಹೋದ ಮೇಲೆ ಮತ್ತೆ ಕಟ್ಟಿದರಾಯಿತು ಎಂದುಕೊಂಡಿದ್ದರು ಎಂಬುದು ನನಗೆ ಆಮೇಲೆ ಗೊತ್ತಾಯಿತು. ಸಾಹೇಬರು ಇಂದು, ನಾಳೆ ಎಂದು ಮೂರು ವಾರ ಬರಲೇ ಇಲ್ಲ.

ಆ ಮೂರನೆಯ ವಾರದಲ್ಲಿ ಹಂಪಮ್ಮ ಹೆತ್ತಳು. ಕುರುಗೋಡಿನಲ್ಲಿ ಕಲ್ಲು ಒಡೆಯುವವನ ಹೆಂಡತಿ, ಚೊಚ್ಚಲಿಗೆಂದು ಸಿರುಗುಪ್ಪದ ತವರಿಗೆ ಬಂದಿದ್ದವಳು. ಹೊತ್ತು ನೆತ್ತಿಗೆ ಬಂದಾಗ ಹೆಣ್ಣು ಕೂಸು ಹುಟ್ಟಿತು. ಸುಖವಾದ ಹೆರಿಗೆ. ನಾನು ಖುಷಿಯಲ್ಲಿ ಅಲಮಾರಿಗೆ ಕೈ ಹಾಕಿ ಕಂದು ಸೀಸೆ ತಂದು ಕೂಸಿನ ಬಲಗಣ್ಣಿಗೆ ಒಂದು ಹನಿ ಬಿಟ್ಟೆ. ಆ ಕೂಸು ಅತ್ತ ಅಳು ಬೇರೆ ಥರದ್ದು. ರೆಪ್ಪೆಯ ಅಂಚು ನೋಡನೋಡುತ್ತ ಬೂದುಬಿಳುಪಾಯಿತು. ಎಡಗಣ್ಣಿನ ಮೇಲೆ ತಂದಿದ್ದ ಕೈ ಅಲ್ಲೇ ನಿಂತಿತು. "ಕಂಪೌಂಡರೇ!" ಎಂದು ಕೂಗಿದ ದನಿ ನನ್ನದೇ ಎಂದು ನನಗೆ ತಿಳಿಯಲಿಲ್ಲ.

ಹೆರಿಗೆ ಕೋಣೆಯ ಹೊಸ್ತಿಲು ಎಂದೂ ದಾಟದವರು ಅಂದು ಒಳಗೇ ಬಂದರು. ನನ್ನ ಕೈಯಲ್ಲಿದ್ದ ಸೀಸೆ ನೋಡಿದರು, ಕೂಸನ್ನು ನೋಡಿದರು. "ಉಪ್ಪಿನ ನೀರು" ಎಂದರು. ಉಪ್ಪು ಬೆಳ್ಳಿಯ ಲವಣವನ್ನು ಕಟ್ಟಿಹಾಕಿ ನಿರ್ಬಲ ಮಾಡುತ್ತದೆ ಎಂದು ನಾನೂ ಓದಿದ್ದೆ. ಓಡಿಹೋಗಿ ಹುಲಿಗೆಮ್ಮನ ಅಡುಗೆ ಗಡಿಗೆಯಿಂದ ಒಂದು ಮುಷ್ಟಿ ಉಪ್ಪು ತಂದು ನೀರಿಗೆ ಹಾಕಹೋದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಮುಷ್ಟಿಲೆ ಬ್ಯಾಡ. ಗಟ್ಟಿ ಉಪ್ಪು ಆ ಸುಟ್ಟ ಕಣ್ಣಿಗೆ ಇನ್ನೊಂದು ಬೆಂಕಿ. ಕಣ್ಣೀರಿನಷ್ಟೇ ಉಪ್ಪಿರಬೇಕು."

"ಈಗ ಅಳತಿ ಮಾಡಕೊಂತ ಕುಂದ್ರತೀರೇನ್ರಿ!" ಎಂದು ಚೀರಿದೆ.

"ಅಳೀದ ಹಾಕಿದ್ದಕ್ಕೇ ಇಷ್ಟೆಲ್ಲಾ ಆಗೇತಿ" ಅಂದರು. ಸಿಟ್ಟಿಲ್ಲದೆ ಅಂದರು. ಗಾಯ ತೊಳೆಯಲು ಮೊದಲೇ ತೂಗಿ ಮಡಿಸಿಟ್ಟಿದ್ದ ಉಪ್ಪಿನ ಪೊಟ್ಟಣವೊಂದನ್ನು ಹರಿದು, ಅಳೆದಿಟ್ಟ ಕಾಯಿಸಿದ ನೀರಿಗೆ ಸುರಿದು ಕಲಕಿ, ಕೂಸಿನ ಕಣ್ಣ ಮೇಲೆ ಸಣ್ಣ ಧಾರೆ ಬಿಟ್ಟರು. ಕಣ್ಣಿನ ಮೂಲೆಯಿಂದ ಹಾಲು ಒಡೆದಂಥ ಬಿಳಿ ಬಿಳಿ ಎಳೆಗಳು ಹೊರಬಂದವು. ಬೆಳ್ಳಿ ಹೊರಗೆ ಬರುತ್ತಿದೆ ಎಂದು ಗೊತ್ತಾಯಿತು. ಎಷ್ಟು ಒಳಗೆ ಉಳಿಯಿತು ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಕೂಸು ಸುಸ್ತಾಗಿ ಮಲಗಿದ ಮೇಲೆ ನಾನು ಹಿತ್ತಲಿಗೆ ಹೋಗಿ ಹಂಡೆಯ ಪಕ್ಕದಲ್ಲಿ ಕೂತೆ. ಅವರು ಬಂದು ನಿಂತರು. ನಾನು ನಿರೀಕ್ಷಿಸಿದ್ದು ಬೈಗುಳ. ಒಳಗೊಳಗೆ ಇನ್ನೊಂದು ಆಸೆಯೂ ಇತ್ತು: ಇದನ್ನು ಇಲ್ಲಿಗೇ ಮುಚ್ಚಿಬಿಡಲಿ, ಹುಟ್ಟುತ್ತಲೇ ಹೀಗಿತ್ತು ಅಂದುಬಿಡಲಿ ಎಂದು. ಇವತ್ತು ಬರೆಯಲೂ ನಾಚಿಕೆಯಾಗುತ್ತದೆ.

"ಗಂಟು ಕತ್ತರಿಸಿದ್ದು ನೀವು. ನೋಡಿ ಸುಮ್ಮನಿದ್ದವ ನಾನು. ಅರ್ಧ ನಿಮ್ಮದು, ಅರ್ಧ ನಂದು. ಒಟ್ಟು ಎಷ್ಟೈತೋ ಅಷ್ಟೂ ಐತಿ, ಕಮ್ಮಿ ಆಗಂಗಿಲ್ಲ. ಬರ್ರಿ, ಆ ತಾಯಿಗೆ ಹೇಳೋಣು."

ಹೇಳಿದೆವು. ಹಂಪಮ್ಮ ಗೋಡೆ ಕಡೆ ನೋಡುತ್ತ ಕೇಳಿದಳು. ಆಮೇಲೆ, "ಕಣ್ಣು ಉಳೀತೈತೋ ಇಲ್ಲೋ, ಅಷ್ಟು ಹೇಳ್ರಿ" ಅಂದಳು.

"ಗೊತ್ತಿಲ್ಲವ್ವಾ. ಗೊತ್ತಿದ್ರ ಹೇಳತಿದ್ದೆ."

ಅವಳು ನನ್ನ ಕಡೆ ತಿರುಗಿದಳು. "ನೀನು ನನ್ನ ಕೂಸಿನ ಹತ್ರ ಬರಬ್ಯಾಡ."

ಡಾಕ್ಟರು ಬಂದು ನೋಡಿದರು. ಕಾಯುವುದೊಂದೇ ದಾರಿ ಅಂದರು. ಮೇಲಿನವರಿಗೆ ಬರೆಯಬೇಕು, ತಪ್ಪು ಯಾರದೆಂದು ಒಂದು ಹೆಸರು ಹೇಳಿ ಅಂದರು. ಹೆಸರು ಹೋದವರ ಕೆಲಸವೂ ಹೋಗುತ್ತದೆ ಎಂದು ಕೇಳದೆಯೇ ತಿಳಿಯುವಂತಿತ್ತು. ನಾನು ಬಾಯಿ ತೆರೆಯುವ ಮೊದಲೇ ಗಾದಿಲಿಂಗಪ್ಪನವರು, "ಎರಡು ಹೆಸರು ಅದಾವ್ರಿ. ಒಂದೇ ಬರದ್ರ ಅದು ಸುಳ್ಳಾಗತೈತಿ" ಅಂದರು. ಡಾಕ್ಟರು ಎಷ್ಟು ಹೇಳಿದರೂ ಜಗ್ಗಲಿಲ್ಲ. ಎರಡು ಹೆಸರೂ ಹೋದವು. ಕೊನೆಗೆ ಇಬ್ಬರಿಗೂ ಒಂದೊಂದು ಎಚ್ಚರಿಕೆಯ ಕಾಗದ ಬಂತು, ಕೆಲಸ ಉಳಿಯಿತು. ಆದರೆ ಅದು ತಿಂಗಳಾದ ಮೇಲಿನ ಮಾತು.

ಅದಕ್ಕೂ ಮೊದಲು ಕಾಯುತ್ತ ಕಳೆದ ಹನ್ನೊಂದು ದಿನಗಳನ್ನು ನಾನು ಮರೆತಿಲ್ಲ. ಕೂಸಿನ ಬಲಗಣ್ಣು ಊದಿ ಮುಚ್ಚಿಕೊಂಡಿತ್ತು. ಗಂಟೆಗೊಮ್ಮೆ ಕಣ್ಣು ತೊಳೆಯುವವರು ಗಾದಿಲಿಂಗಪ್ಪನವರು. ನಾನು ನೀರು ಕಾಯಿಸಿ, ಆರಿಸಿ, ಉಪ್ಪು ತೂಗಿ, ಹೊಸ್ತಿಲ ಹೊರಗೆ ನಿಂತು ಬಟ್ಟಲು ಒಳಗೆ ಸರಿಸುತ್ತಿದ್ದೆ. ಹಂಪಮ್ಮ ನನ್ನತ್ತ ನೋಡುತ್ತಿರಲಿಲ್ಲ. ಪ್ರತಿ ಸಲವೂ ಅವರು ಬಟ್ಟಲು ತೆಗೆದುಕೊಳ್ಳುವ ಮುಂಚೆ, "ಎಷ್ಟೈತಮ್ಮಾ?" ಎಂದು ಹಂಪಮ್ಮನ ಕಿವಿಗೆ ಬೀಳುವ ಹಾಗೆ ಗಟ್ಟಿಯಾಗಿ ನನ್ನನ್ನು ಕೇಳುತ್ತಿದ್ದರು. ನಾನು ಉಪ್ಪಿನ ತೂಕವನ್ನು ಗ್ರೇನಿನ ಲೆಕ್ಕದಲ್ಲಿ ಹೇಳುತ್ತಿದ್ದೆ. "ಬರಾಬರ್" ಎನ್ನುತ್ತಿದ್ದರು. ಆ ಒಂದು ಮಾತು ಕೇಳಿ ನಾನು ಮುಂದಿನ ಗಂಟೆಯ ತನಕ ಬದುಕುತ್ತಿದ್ದೆ.

ಹನ್ನೊಂದನೆಯ ದಿನ ಬೆಳಿಗ್ಗೆ ನಾನು ಹೊಸ್ತಿಲಲ್ಲಿದ್ದಾಗ ಒಳಗಿನಿಂದ ಹಂಪಮ್ಮನ ದನಿ ಬಂತು.

"ನರ್ಸಮ್ಮಾ. ಒಳಗ ಬಾ. ನೋಡು ಬಾ."

ಬಲಗಣ್ಣು ತೆರೆದಿತ್ತು. ಕರಿಗುಡ್ಡೆಯ ಒಂದು ಅಂಚಿಗೆ ಸಾಸಿವೆಯ ಅರ್ಧದಷ್ಟು ಮಸುಕು ಉಳಿದಿತ್ತು, ನಡುಭಾಗ ತಿಳಿಯಾಗಿತ್ತು. ಗಾದಿಲಿಂಗಪ್ಪನವರು ಕಿಟಕಿಯ ಬೆಳಕಿಗೆ ಹಿತ್ತಾಳೆಯ ಬಟ್ಟಲು ಹಿಡಿದು ಮೆಲ್ಲಗೆ ಆಚೀಚೆ ಆಡಿಸಿದರು. ಕೂಸಿನ ಎರಡು ಕಣ್ಣೂ ಅದರ ಹಿಂದೆ ಹಿಂದೆ ಅಷ್ಟಷ್ಟೇ ಸರಿದವು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಹಂಪಮ್ಮ ಕೂಸನ್ನು ತಂದು ನನ್ನ ಮಡಿಲಿಗೆ ಹಾಕಿದಳು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಯಾಕೆಂದರೆ ನನ್ನ ಕೈ ಹೋಯಿತು. ಮುಂದಿನ ಎರಡು ಹೆರಿಗೆಗಳಲ್ಲಿ ನಾನು ಕೂಸಿನ ಕಣ್ಣಿಗೆ ಹನಿ ಹಾಕಲೇ ಇಲ್ಲ. ಸೀಸೆ ಮುಟ್ಟಿದರೆ ಬೆರಳು ಗಡಗಡ ನಡುಗುತ್ತಿದ್ದವು. ಬಳ್ಳಾರಿಗೆ ಹೋಗಿ ಅಪ್ಪನ ಮನೆಯಲ್ಲಿ ಹಪ್ಪಳ ಒತ್ತುತ್ತೇನೆ, ಈ ಕೆಲಸ ನನಗೆ ಬೇಡ ಎಂದು ರಾಜೀನಾಮೆಯ ಕಾಗದ ಬರೆದುಕೊಂಡು ಹೋದೆ. ಗಾದಿಲಿಂಗಪ್ಪನವರು ಓದಿ ಮಡಿಸಿ ನನಗೇ ವಾಪಸು ಕೊಟ್ಟರು.

"ಹಾಕಿದ ಹನಿಗೆ ಒಂದು ಕೂಸು ನರಳಿತು, ಅದು ನಮಗ ಕಾಣಿಸ್ತು. ಹಾಕದ ಹನಿಗೆ ಎಷ್ಟು ಕೂಸು ನರಳತಾವು, ಅದು ಯಾರಿಗೆ ಕಾಣ್ತೈತಿ? ನಾನು ಆ ಕೋಣಿಯೊಳಗ ದಿನಾ ಬರಾಕ ಆಗಂಗಿಲ್ಲ ತಂಗಿ. ಇಲ್ಲಿ ಇರೋದು ನಿಮ್ಮ ಕೈ ಒಂದೇ."

ಮೇಜಿನ ಮೇಲೆ ಹತ್ತು ಗಾಜಿನ ಲೋಟ ಸಾಲಾಗಿ ಇಟ್ಟರು. ಬಾವಿಗೆ ಹಾಕುವ ಪರ್ಮಾಂಗನೇಟನ್ನು ಮೊದಲನೆಯದರಲ್ಲಿ ಬದನೆಕಾಯಿ ಬಣ್ಣಕ್ಕೆ ಕರಗಿಸಿ, ಒಂದರಿಂದ ಇನ್ನೊಂದಕ್ಕೆ ಅರ್ಧರ್ಧ ಇಳಿಸುತ್ತ ಹೋಗಿ ಎಂದರು. ಕೊನೆಯ ಲೋಟದಲ್ಲಿ ಬಣ್ಣ ಇದೆಯೋ ಇಲ್ಲವೋ ಎಂಬಷ್ಟು ನಸುಗೆಂಪು. "ಕಾಣಂಗಿಲ್ಲ ಅಂದ್ರ ಇಲ್ಲ ಅಂತಲ್ಲ, ನೋಡ್ರಿ. ಎಷ್ಟೈತಿ ಅಂತ ಲೆಕ್ಕಕ್ಕ ಗೊತ್ತೈತಿ" ಎನ್ನುತ್ತಿದ್ದರು. ಹದಿನೈದು ದಿನ, ದಿನವೂ ಇದೇ. ಲೋಟಗಳ ಜಾಗ ಅದಲು ಬದಲು ಮಾಡಿ, ಯಾವುದು ಎಷ್ಟನೆಯ ಪಾಲು ಎಂದು ಕೇಳುತ್ತಿದ್ದರು. ಕೈಯ ನಡುಕ ಯಾವ ದಿನ ನಿಂತಿತು ಎಂದು ನನಗೆ ಗೊತ್ತಾಗಲಿಲ್ಲ.

ಆಮೇಲೆ ಬೆಳ್ಳಿಯ ನೀರನ್ನು ನಾನೇ ಇಳಿಸಿದೆ. ಇಳಿಸಿದವಳು, ಅವರು ಅತ್ತ ತಿರುಗಿದ್ದಾಗ, ನನ್ನ ಕಣ್ಣಿಗೇ ಒಂದು ಹನಿ ಹಾಕಿಕೊಂಡೆ. ಚುರುಕ್ಕೆಂದಿತು, ನೀರು ಬಂತು, ಆರಿತು. ಅವರು ನೋಡಿ ಹೌಹಾರಿದರು. "ಹುಚ್ಚು ಗಿಚ್ಚು ಹಿಡದೈತೇನು ನಿಮಗ! ಲೆಕ್ಕದ ಮ್ಯಾಲ ನಂಬಿಕಿ ಇಲ್ಲೇನು?" ಎಂದು ಜನ್ಮದಲ್ಲಿ ಮೊದಲ ಸಲ ನನ್ನ ಮೇಲೆ ಕೂಗಾಡಿದರು. ಲೆಕ್ಕದ ಮೇಲಲ್ಲ, ನನ್ನ ಮೇಲೇ ನನಗೆ ನಂಬಿಕೆ ಬೇಕಿತ್ತು ಎಂದೆ. ಆ ವಾರದ ಕೂಸಿಗೆ ಹನಿ ಹಾಕಿದೆ. ಅಲ್ಲಿಂದ ಮುಂದೆ ಎಷ್ಟು ಸಾವಿರ ಕಣ್ಣಿಗೆ ಹಾಕಿದೆನೋ, ಒಂದೂ ಕೆಡಲಿಲ್ಲ.

ಹಂಪಮ್ಮನ ಮಗಳಿಗೆ ಈರಮ್ಮ ಎಂದು ಹೆಸರಿಟ್ಟರು. ಊರಿಗೆ ಹೋಗುವ ನೆಪದಲ್ಲಿ ಗಾದಿಲಿಂಗಪ್ಪನವರು ತಿಂಗಳಿಗೊಮ್ಮೆ ಕುರುಗೋಡಿನಲ್ಲಿ ಇಳಿದು, ಕಲ್ಲುಗುಡ್ಡದ ಕೆಳಗಿನ ಆ ಮನೆಗೆ ಹೋಗಿ ಬರುತ್ತಿದ್ದರು. ಬಂದವರು ನನ್ನ ಮುಂದೆ ವರದಿ ಒಪ್ಪಿಸಬೇಕು. "ಇರಿವಿ ಹಿಡಿಯಾಕ ಹೋಗ್ತಾಳ." "ಎಳ್ಳು ಚೆಲ್ಲಿದ್ದೆ, ಒಂದೂ ಬಿಡದ ಆರಿಸಿದ್ಲು." ಒಂದು ಸಲ ಎಡಗಣ್ಣು ಮುಚ್ಚಿಸಿ ಬಲಗಣ್ಣಿನಿಂದಲೇ ಆರಿಸಲು ಹೇಳಿದರಂತೆ. ಆ ಹುಡುಗಿ ಆರಿಸಿ, ಬಾಯಿಗೆ ಹಾಕಿಕೊಂಡು ತಿಂದಳಂತೆ. ಇದನ್ನು ಹೇಳುವಾಗ ಆ ಮುದುಕರ ಮುಖ ನೋಡಬೇಕಿತ್ತು.

ಕೆಲವು ವರ್ಷಗಳಾದ ಮೇಲೆ ಅವರು ಕೆಲಸ ಬಿಟ್ಟು ಬಾದನಹಟ್ಟಿಗೆ ಹೋದರು. ನಾನು ಬಳ್ಳಾರಿಯ ಒಂದು ಆಸ್ಪತ್ರೆಗೆ ಬಂದೆ. ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರುವ ಗಲಾಟೆಯ ವರ್ಷ ಅದು. ಒಂದು ಮಧ್ಯಾಹ್ನ ಕೋಟೆಯ ಕೆಳಗಿನ ಓಣಿಯಲ್ಲಿದ್ದ ಅವರ ಮಗಳು ಬಸಮ್ಮ ನನ್ನನ್ನು ಹುಡುಕಿಕೊಂಡು ಬಂದಳು. ಅಪ್ಪನ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಗಿದೆ, ನಮ್ಮ ಮನೆಯಲ್ಲೇ ಇದ್ದಾನೆ ಅಂದಳು. "ಡಾಕ್ಟರು ದಿನಾ ಹನಿ ಹಾಕಬೇಕು ಅಂತ ಬರದುಕೊಟ್ಟಾರ. ಎರಡು ಅಂಗಡಿಯಿಂದ ನಮ್ಮನಿಯವರು ತಂದ್ರು. ಎರಡನ್ನೂ ಒಲ್ಲೆ ಅಂತಾನ. ಕಣ್ಣು ಕೆಂಪಗಾಗಿ ಕುಂತಾತಿ. ಸುಶೀಲಮ್ಮ ಮಾಡಿಕೊಟ್ರ ಹಾಕಸ್ಕೊಂತೀನಿ, ಇಲ್ಲಾಂದ್ರ ಇಲ್ಲ, ಅಂತ ಒಂದೇ ಹಟ."

ಅಟ್ರೋಪಿನ್ ಹನಿ ಅದು. ನೂರರಲ್ಲಿ ಒಂದು ಪಾಲು. ವಿಷದ ಜಾತಿಯ ಔಷಧಿ. ಡಾಕ್ಟರ ಚೀಟಿ ಇಟ್ಟುಕೊಂಡು ನಾನೇ ಕೂತು ಮಾಡಿದೆ. ಒಂದು ಸಲ ತೂಗಿದ್ದನ್ನು ತಕ್ಕಡಿಯಿಂದ ತೆಗೆದು ಮತ್ತೆ ತೂಗಿದೆ. ಸೀಸೆಯ ಮೇಲೆ ಹೆಸರು, ಪಾಲು, ತಾರೀಖು, ಮಾಡಿದವಳ ಹೆಸರು, ಎಲ್ಲ ಬರೆದೆ. ಬೇರೆ ಯಾರ ಔಷಧಿ ಮಾಡುವಾಗಲೂ ನನಗೆ ಅಷ್ಟು ಭಯವಾಗಿರಲಿಲ್ಲ.

ಕಿಟಕಿಗೆ ಕಂಬಳಿ ಇಳಿಬಿಟ್ಟಿದ್ದ ಕೋಣೆಯಲ್ಲಿ ಅವರು ಮಂಚದ ಮೇಲೆ ಮಲಗಿದ್ದರು. ಬಹಳ ಇಳಿದುಹೋಗಿದ್ದರು. ಮಂಚದ ಆಚೆಗೆ ಪಾದಗಳು ಚಾಚಿದ್ದವು. ಆ ಭೇಟಿಯಾದ ಮೇಲೆ ನಾನು ಅವರನ್ನು ಮತ್ತೆ ನೋಡಲಿಲ್ಲ. ಕಣ್ಣು ಚೆನ್ನಾಗಿ ವಾಸಿಯಾಗಿ ಊರಿಗೆ ಹೋದವರು, ಮುಂದಿನ ಬೇಸಿಗೆಯಲ್ಲಿ ಎದೆನೋವಿನಿಂದ ಹೋಗಿಬಿಟ್ಟರಂತೆ. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಯಾರು, ನರ್ಸಮ್ಮಾರೇನು? ಬರ್ರಿ, ಬರ್ರಿ" ಎಂದು ಅವತ್ತು ನನ್ನ ಹೆಜ್ಜೆಯ ಸಪ್ಪಳ ಕೇಳಿ ಎದ್ದು ಕೂರಲು ಹೋದರು. ನಾನು ತಡೆದೆ. ಈರಮ್ಮನನ್ನು ಸಾಲೆಗೆ ಹಾಕಿದ್ದಾರೆ, ಹಂಪಮ್ಮ ಹೇಳಿ ಕಳಿಸಿದ್ದಾಳೆ ಎಂದೆ. "ಸಾಲಿಗೆ!" ಎಂದು ಬಹಳ ಹೊತ್ತು ನಕ್ಕರು. ನಕ್ಕರೆ ಕಣ್ಣಿಗೆ ಪೆಟ್ಟಾಗುತ್ತದೆ ಎಂದು ಬಸಮ್ಮ ಗದರಿದಳು.

ನಾನು ಸೀಸೆ ತೆಗೆದು ಹೇಳತೊಡಗಿದೆ. "ಎರಡು ಸಲ ತೂಗೀನ್ರಿ. ನೀರು ಭಟ್ಟಿದೇ. ಬರಾಬರ್ ಒಂದು ಪಾಲು..."

ಅವರು ಕೈ ಎತ್ತಿದರು.

"ನಾನು ಕೇಳಿದ್ನೇನಮ್ಮಾ?" ಅಂದರು. ತಲೆ ಹಿಂದಕ್ಕೆ ಒರಗಿಸಿ, ರೆಪ್ಪೆಯನ್ನು ತಮ್ಮ ಎರಡು ಬೆರಳಿನಿಂದ ತಾವೇ ಬಿಡಿಸಿ, ಆ ಕೆಂಪಗಾದ ಕಣ್ಣನ್ನು ನನ್ನ ಕಡೆಗೆ ತೆರೆದು ಹಿಡಿದರು. "ಹಾಕ್ರಿ."

ನಾನು ಹಾಕಿದೆ.